ಗೋದಕ್ಕ ಮತ್ತು ಎಕ್ಸ್‌ಪೆಕ್ಟ್ ಎಂಬ ಕ್ರಿಯಾಪದ

ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಫೋನು ಟಿಂಗ್ ಎಂದಿತು. ಬಾಯಿತುಂಬ ನೊರೆ ಇಟ್ಟುಕೊಂಡೇ ಓಡಿಹೋಗಿ ನೋಡಿದೆ. ನಾನು ತರಿಸಿಕೊಂಡಿರುವ ಮಿಕ್ಸರ್ ಜಾರಿನ ಮುಚ್ಚಳ ಇವತ್ತು ‘ಎಕ್ಸ್‌ಪೆಕ್ಟೆಡ್’ ಅಂತೆ. ನಿನ್ನೆಯೂ ಅದು ಎಕ್ಸ್‌ಪೆಕ್ಟೆಡ್ ಆಗಿತ್ತು. ಮೊನ್ನೆಯೂ ಆಗಿತ್ತು. ಮುಚ್ಚಳ ಎಲ್ಲಿದೆಯೋ ದೇವರಿಗೇ ಗೊತ್ತು, ಅದು ಬರುತ್ತದೆ ಎಂಬ ಸುದ್ದಿ ಮಾತ್ರ ದಿನಾ ತಪ್ಪದೆ ಬರುತ್ತದೆ. ಇತ್ತ ನನ್ನ ಹೆಂಡತಿ ವೀಣಾ ಜಾರಿನ ಬಾಯಿಗೆ ಸ್ಟೀಲಿನ ತಟ್ಟೆ ಒತ್ತಿಹಿಡಿದು ಚಟ್ನಿ ರುಬ್ಬುತ್ತಾಳೆ, ಅರ್ಧ ಚಟ್ನಿ ಗೋಡೆಗೆ ಹೋಗುತ್ತದೆ, ಉಳಿದರ್ಧಕ್ಕೆ ನನ್ನ ಹೆಸರು ಸೇರಿಸಿ ಬೈಗುಳ ಬೀಳುತ್ತದೆ.

ಈ ಕ್ರಿಯಾಪದದ ಮೇಲೆ ನನಗೆ ಹಳೆಯ ಸಿಟ್ಟಿದೆ. ಇಂಗ್ಲಿಷಿನಲ್ಲಿ ಓಡು, ಉಣ್ಣು, ಒದೆ ಎನ್ನುವ ಮರ್ಯಾದಸ್ಥ ಕ್ರಿಯಾಪದಗಳು ಬೇಕಾದಷ್ಟಿವೆ. ಅವು ಏನಾದರೂ ಒಂದು ಕೆಲಸ ಮಾಡುತ್ತವೆ, ಬೆವರು ಸುರಿಸುತ್ತವೆ. ಈ ಎಕ್ಸ್‌ಪೆಕ್ಟ್ ಮಹಾಶಯರು ಹಾಗಲ್ಲ. ತಾವು ಕಾಲ ಮೇಲೆ ಕಾಲು ಹಾಕಿ ಕುರ್ಚಿಯಲ್ಲಿ ಕೂತಿರುತ್ತಾರೆ. ಓಡಾಡಬೇಕಾದವರು ಬೇರೆಯವರು. ಅವರು ಬಂದರೆ ಇವರು ಹಿಗ್ಗುವುದಿಲ್ಲ, ಬರಲೇಬೇಕಿತ್ತಲ್ಲ ಎನ್ನುತ್ತಾರೆ. ಬರದಿದ್ದರೆ ಮುಖ ಗಂಟು ಹಾಕುತ್ತಾರೆ. ಹೀಗೆ ಎರಡೂ ಕಡೆಯಿಂದ ಸುಖವಿಲ್ಲದ ಶಬ್ದವನ್ನು ಒಂದು ಜನಾಂಗ ಕಂಡುಹಿಡಿದು, ಹಡಗಿನಲ್ಲಿ ಹಾಕಿಕೊಂಡು ಬಂದು ನಮ್ಮ ತಲೆಗೆ ಕಟ್ಟಿತು. ನಾವೂ ಭಕ್ತಿಯಿಂದ ಕಟ್ಟಿಸಿಕೊಂಡೆವು.

ಧಾರವಾಡದ ಶಾಲೆಯಲ್ಲಿ ನಮಗೆ ಇದನ್ನು ಕಲಿಸಿದವರು ಒಬ್ಬ ಕೋಟಿನ ಮಾಸ್ತರರು. ಬೇಸಿಗೆಯಲ್ಲೂ ಕೋಟು ತೆಗೆಯುತ್ತಿರಲಿಲ್ಲ, ಒಳಗಿನ ಅಂಗಿ ಹರಿದಿತ್ತೆಂದು ನಮಗೆಲ್ಲ ಗೊತ್ತಿತ್ತು. ಹಲಗೆಯ ಮೇಲೆ ವೇಟ್, ಹೋಪ್, ಎಕ್ಸ್‌ಪೆಕ್ಟ್ ಎಂದು ಮೂರು ಶಬ್ದ ಬರೆದರು. ಮೂರಕ್ಕೂ ಏನು ಫರಕು ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಮಾಸ್ತರರು ಸುಣ್ಣದ ಕೈ ಕೋಟಿಗೆ ಒರೆಸಿಕೊಂಡು, “ನಾ ಪರೀಕ್ಷಾದಾಗ ನೀವು ಪಾಸ್ ಆಗ್ತೀರಂತ ಹೋಪ್ ಮಾಡ್ತೀನಿ. ಫೇಲ್ ಆಗ್ತೀರಂತ ಎಕ್ಸ್‌ಪೆಕ್ಟ್ ಮಾಡ್ತೀನಿ. ನಿಮ್ಮಪ್ಪ ಬಂದು ಜಗಳಾ ಮಾಡ್ಲಿ ಅಂತ ವೇಟ್ ಮಾಡ್ತೀನಿ” ಎಂದರು. ಇದಕ್ಕಿಂತ ಸ್ಪಷ್ಟವಾದ ವಿವರಣೆ ನಾನು ಮುಂದೆ ಯಾವ ನಿಘಂಟಿನಲ್ಲೂ ನೋಡಲಿಲ್ಲ. ಮಾಸ್ತರರ ಎಕ್ಸ್‌ಪೆಕ್ಟೇಷನ್ನನ್ನು ನಾನು ಗಣಿತದಲ್ಲಿ ಪೂರೈಸಿದೆ ಕೂಡ.

ಆಮೇಲೆ ಪುಣೆಗೆ ಬಂದೆ. ಪಿಂಪ್ರಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನೌಕರಿ. ಅಲ್ಲಿ ಈ ಶಬ್ದ ಅಧಿಕಾರಿಗಳ ವೇಷದಲ್ಲಿ ಸಿಕ್ಕಿತು. ನೋಟೀಸು ಬೋರ್ಡಿನಲ್ಲಿ ‘ನೌಕರರು ಸಮಯಕ್ಕೆ ಸರಿಯಾಗಿ ಬರಬೇಕೆಂದು ಎಕ್ಸ್‌ಪೆಕ್ಟ್ ಮಾಡಲಾಗಿದೆ’ ಎಂದು ಇಂಗ್ಲಿಷಿನಲ್ಲಿ ಅಂಟಿಸುತ್ತಿದ್ದರು. ಮಾಡಿದವರು ಯಾರು? ಹೆಸರಿಲ್ಲ. ಸಮಯಕ್ಕೆ ಬನ್ನಿ ಎಂದು ನಮ್ಮೆದುರು ನಿಂತು ಹೇಳಲು ಎದೆ ಇಲ್ಲದವನು ಎಲ್ಲೋ ಎಸಿ ಖೋಲಿಯಲ್ಲಿ ಕೂತು ಎಕ್ಸ್‌ಪೆಕ್ಟ್ ಮಾಡಿದ್ದಾನೆ ಅಷ್ಟೆ. ವರ್ಷಕ್ಕೊಮ್ಮೆ ನಮ್ಮ ಯೋಗ್ಯತೆಯನ್ನೂ ಅದೇ ಶಬ್ದದಲ್ಲಿ ತೂಗುತ್ತಿದ್ದರು. ನನಗೆ ಪ್ರತಿ ಸಲವೂ ‘ಮೀಟ್ಸ್ ಎಕ್ಸ್‌ಪೆಕ್ಟೇಷನ್ಸ್’. ಅಂದರೆ ಇವನಿಂದ ಹೆಚ್ಚೇನೂ ಆಗಲಿಕ್ಕಿಲ್ಲ ಅಂದುಕೊಂಡಿದ್ದೆವು, ಆಗಲಿಲ್ಲ, ಸಂತೋಷ. ನಿವೃತ್ತಿಯ ದಿನ ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟರು. ಇನ್ನು ಮೇಲೆ ಯಾರೂ ಏನನ್ನೂ ಎಕ್ಸ್‌ಪೆಕ್ಟ್ ಮಾಡದವನಿಗೆ ಗಡಿಯಾರ ಯಾಕೆ ಎಂದು ಅವರು ಯೋಚಿಸಿದಂತೆ ಕಾಣಲಿಲ್ಲ.

ನನ್ನನ್ನೇನೂ ನೀವು ಈ ರೋಗ ತಟ್ಟದ ಮಹಾತ್ಮ ಎಂದು ತಿಳಿಯಬೇಡಿ. ನಮ್ಮ ಕಡೆಯವರ ಒಂದು ಸಣ್ಣ ಕನ್ನಡ ಬಳಗ ಇತ್ತು. ಅದರ ಆಮಂತ್ರಣ ಬರೆಯುವ ಕೆಲಸ ನನ್ನದು. ಇಂಗ್ಲಿಷಿನ ಗುಂಗಿನಲ್ಲಿ ಒಮ್ಮೆ ‘ತಮ್ಮ ಉಪಸ್ಥಿತಿಯನ್ನು ನಿರೀಕ್ಷಿಸಲಾಗಿದೆ’ ಎಂದು ಬರೆದು ಹಂಚಿದೆ. ಕಾರ್ಯಕ್ರಮಕ್ಕೆ ವೀಣಾ ಬಂದಳು, ತಬಲಾದವರು ಬಂದರು, ಉಪ್ಪಿಟ್ಟು ಮಾಡುವವರು ಬಂದರು. ಮರುದಿನ ಒಬ್ಬರನ್ನು ಯಾಕೆ ಬರಲಿಲ್ಲ ಎಂದು ಕೇಳಿದರೆ, “ಬರ್ರಿ ಅಂತ ಎಲ್ಲಿ ಕರದಿದ್ರಿ? ಏನೋ ನೋಟೀಸ್ ಕಳಿಸಿದ್ರಿ, ತಪ್ಪೇನಾತೋ ಅಂತ ಹೆದರಿಕಿ ಬಂತು” ಎಂದರು. ಅಂದಿನಿಂದ ‘ಎಲ್ಲಾರೂ ಬರ್ರಿ, ಊಟ ಅದ’ ಎಂದಷ್ಟೇ ಬರೆದೆ. ಜನ ಚಾಪೆ ಸಾಲದಷ್ಟು ಬಂದರು.

ಈ ಶಬ್ದದ ಒಂದೇ ಒಂದು ಬಳಕೆಯನ್ನು ಮಾತ್ರ ನಾನು ಕ್ಷಮಿಸಿದ್ದೇನೆ. ನಮ್ಮ ಚಿಂಚವಾಡದ ಸೊಸಾಯ್ಟಿಯಲ್ಲಿ ಕೆಳಗಿನ ಮಹಡಿಯ ನಿಖಿತಾ ಮಂಡ್ಯದ ಕಡೆಯ ಹುಡುಗಿ, ಕಂಪ್ಯೂಟರ್ ಕಂಪನಿಯ ನೌಕರಿ. ಹೋದ ವರ್ಷ ಒಂದು ದಿನ ಲಿಫ್ಟಿನಲ್ಲಿ ಸಿಕ್ಕವಳು ನಾಚಿಕೊಂಡು, “ಅಂಕಲ್, ಆಂಟಿಗೆ ಹೇಳಿ, ಐ ಆ್ಯಮ್ ಎಕ್ಸ್‌ಪೆಕ್ಟಿಂಗ್” ಎಂದಳು. ಅಲ್ಲಿ ಆ ಶಬ್ದ ಚೆನ್ನಾಗಿತ್ತು. ಬರುವವರು ಯಾರು, ಹೆಣ್ಣೋ ಗಂಡೋ, ಮೂಗು ಯಾರದು, ಸಿಟ್ಟು ಯಾರದು ಒಂದೂ ಗೊತ್ತಿಲ್ಲ. ಆದರೂ ಜಾಗ ಮಾಡಿಕೊಟ್ಟು ಕೂತಿದ್ದಾಳೆ. ಗುರುತಿನ ಚೀಟಿ ತೋರಿಸು ಎಂದು ಕೇಳುತ್ತಿಲ್ಲ. ಇದಲ್ಲವೆ ಕಾಯುವುದು ಎಂದರೆ, ಅನ್ನಿಸಿತು.

ನಮ್ಮ ಮನೆಯಲ್ಲಿ ಇದಕ್ಕೆ ಹಾದಿ ನೋಡೋದು ಎನ್ನುತ್ತಿದ್ದೆವು. ಮರಾಠಿಯವರೂ ವಾಟ್ ಬಘಣೆ ಎನ್ನುತ್ತಾರೆ, ಅದೂ ಹಾದಿ ನೋಡುವುದೇ. ಧಾರವಾಡದಲ್ಲಿ ನಮ್ಮದು ಬಾಡಿಗೆ ಮನೆ. ದೀಪ ಹಚ್ಚುವ ಹೊತ್ತಿಗೆ ಅವ್ವ ಹೊಸ್ತಿಲಿಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಣಿಯ ತುದಿಯತ್ತ ನೋಡುತ್ತ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಯಾರ ಹಾದಿ ನೋಡ್ಲಿಕ್ಕತ್ತೀ ಎಂದು ಕೇಳಿದರೆ, “ಯಾರರ ಬಂದಾರು” ಎನ್ನುತ್ತಿದ್ದಳು. ಯಾರಾದರೂ ಬರುತ್ತಲೂ ಇದ್ದರು. ಸವಣೂರಿನ ಕಾಕು ಕೋರ್ಟಿನ ಕೆಲಸಕ್ಕೆ ಬಂದವಳು ಬಸ್ಸು ತಪ್ಪಿಸಿಕೊಂಡು ಬರುತ್ತಿದ್ದಳು. ಅಪ್ಪನ ದೋಸ್ತರು ದೋಸ್ತರ ದೋಸ್ತರನ್ನು ಕರೆದುಕೊಂಡು ಬರುತ್ತಿದ್ದರು. ಅವ್ವ ಮನೆಮಂದಿಗೆಲ್ಲ ರೊಟ್ಟಿ ಬಡಿದಾದ ಮೇಲೆ, ಒಲೆ ಆರಿಸುವ ಮೊದಲು ಇನ್ನೆರಡು ಬಡಿದು ಬುಟ್ಟಿಯ ತಳಕ್ಕೆ ಇಡುತ್ತಿದ್ದಳು. ಅವು ನಮ್ಮವಲ್ಲ ಎಂದು ಎಷ್ಟು ಹಸಿವಾದರೂ ನಮಗೆ ಗೊತ್ತಿತ್ತು. ಯಾರೂ ಬರದ ದಿನ ಮರುದಿನ ಬೆಳಿಗ್ಗೆ ಆ ಕಟಿ ರೊಟ್ಟಿಗೆ ನಾನೂ ನನ್ನ ಅಕ್ಕ ಗೋದಕ್ಕನೂ ಬಡಿದಾಡುತ್ತಿದ್ದೆವು, ಅವಳು ದೊಡ್ಡವಳಾದ್ದರಿಂದ ಗೆಲ್ಲುತ್ತಿದ್ದಳು.

ಇಲ್ಲಿ ಪುಣೆಯಲ್ಲಿ ನಮ್ಮ ಕಟ್ಟಡಕ್ಕೆ ಚಪಾತಿ ಮಾಡುವ ಬಾಯಿ, ಅಂದರೆ ಕೆಲಸದ ಹೆಂಗಸು, ಬರುತ್ತಾಳೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ “ಕಿತೀ?” ಎನ್ನುತ್ತಾಳೆ, ಎಷ್ಟು ಎಂದು. ನಾವು ಅಂಕಿ ಹೇಳಬೇಕು. ಅಷ್ಟೇ ಚಪಾತಿ ಮಾಡಿ, ಮುಚ್ಚಿಟ್ಟು, ಹೋಗಿಬಿಡುತ್ತಾಳೆ. ಊಟಕ್ಕೆ ಮೊದಲೇ ನಮ್ಮ ಹಸಿವನ್ನು ಎಕ್ಸ್‌ಪೆಕ್ಟ್ ಮಾಡಿ ಹೇಳಬೇಕಾದ ಕರ್ಮ ನೋಡಿ. ಇಂಥ ಮನೆಗೆ ಮೂರನೆಯವರು ಬಂದರೆ “ಊಟ ಮಾಡ್ಕೊಂಡೇ ಬಂದಿರಬೇಕಲ್ಲ” ಎಂದು ಕೇಳದೆ ಗತಿಯಿಲ್ಲ. ಪುಣೆಯವರ ಜಿಪುಣತನದ ಬಗ್ಗೆ ಊರವರೆಲ್ಲ ಜೋಕು ಮಾಡುತ್ತಾರೆ. ಅದು ಜಿಪುಣತನವಲ್ಲ, ಅಂಕಗಣಿತ.

ಈ ಅಂಕಗಣಿತಕ್ಕೆ ಜಗ್ಗದವಳು ನಮ್ಮ ಗೋದಕ್ಕ ಒಬ್ಬಳೇ. ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿರುತ್ತಾಳೆ. ಅವ್ವ ಹೋದ ಮೇಲೆ ಧಾರವಾಡದ ಬಾಡಿಗೆ ಮನೆಯ ಕೀಲಿಯನ್ನು ಮಾಲೀಕರಿಗೆ ಕೊಟ್ಟೆವು. ಅಂದಿನಿಂದ ಗೋದಕ್ಕನ ತವರುಮನೆ ಎಂದರೆ ಚಿಂಚವಾಡದ ಎರಡು ಖೋಲಿಯ ನಮ್ಮ ಫ್ಲ್ಯಾಟು. ಅವಳು ಎಂದೂ ಹೇಳಿ ಬಂದವಳಲ್ಲ. ವೀಣಾ ಒಮ್ಮೆ ಮೆಲ್ಲಗೆ, “ಒಂದು ಫೋನ್ ಮಾಡಿ ಬಂದ್ರ ನಾ ಏನರ ಸಿಹಿ ಮಾಡಿ ಇಡ್ತಿದ್ದೆ, ವೈನಿ” ಎಂದಳು. ಗೋದಕ್ಕ ತನ್ನ ಬಟ್ಟೆಚೀಲ, ಆ ಪಿಶವಿಯಿಂದ ಚಟ್ನಿಪುಡಿಯ ಡಬ್ಬಿ ತೆಗೆಯುತ್ತ, “ಹೇಳಿ ಹೋಗ್ಲಿಕ್ಕೆ ಊರ ಮಂದಿ ಮನಿ ಭಾಳ ಅವ. ಹೇಳದ ಹೋಗ್ಲಿಕ್ಕೆ ನನಗ ಇದೊಂದ ಅದ” ಎಂದಳು. ವೀಣಾ ಮತ್ತೆ ಆ ಮಾತೆತ್ತಲಿಲ್ಲ.

ಅವಳು ಬಂದ ಗಳಿಗೆಗಳೂ ಹಾಗೇ ಇರುತ್ತಿದ್ದವು. ಒಮ್ಮೆ ನಾನೂ ವೀಣಾನೂ ಮಾತು ಬಿಟ್ಟು ಒಂದೊಂದು ಖೋಲಿಯಲ್ಲಿ ಕೂತಿದ್ದಾಗ ಬಂದಳು. ಇಬ್ಬರನ್ನೂ ಎದುರುಬದರು ಕೂಡಿಸಿ ಒಂದು ಮೊರ ಅವರೆಕಾಯಿ ಸುಲಿಯಲು ಕೊಟ್ಟಳು. ನಾನು ನಿವೃತ್ತನಾದ ವಾರವೂ ಬಂದಳು. ಗೋಡೆ ಗಡಿಯಾರದ ಕೆಳಗೆ ಗಡ್ಡ ಬಿಟ್ಟುಕೊಂಡು ಕೂತಿದ್ದೆ. ಯಾರನ್ನೂ ಕರೆದಿರಲಿಲ್ಲ, ಯಾರೂ ಬೇಕಾಗಿಯೂ ಇರಲಿಲ್ಲ. ಅವಳು ನನ್ನ ಮುಖ ನೋಡಿ, “ಏಳೋ ರಾಘ್ಯಾ, ಸಂತಿಗೆ ಹೋಗೋಣು” ಎಂದು ಕೈಗೆ ಚೀಲ ಕೊಟ್ಟಳು. ವಾರವಿಡೀ ಬೆಳಿಗ್ಗೆ ಸಂಜೆ ನನ್ನನ್ನು ಪಿಂಪ್ರಿಯ ಕಾಯಿಪಲ್ಲೆ ಮಾರುಕಟ್ಟೆ ಸುತ್ತಿಸಿ, ಮೆಂತ್ಯದ ಸೂಡಿಗೆ ಚೌಕಾಶಿ ಮಾಡಿಸಿ, ಮನುಷ್ಯನನ್ನಾಗಿ ಮಾಡಿ ಹೋದಳು. ಮೊದಲೇ ಫೋನು ಮಾಡಿದ್ದರೆ ನಾನು ಆರಾಮ ಇದ್ದೇನೆ, ಬರುವ ತ್ರಾಸು ತಗೋಬೇಡ ಎಂದು ಹೇಳಿಬಿಡುತ್ತಿದ್ದೆ.

ಇಷ್ಟರಲ್ಲಿ ನಮ್ಮ ಸೊಸಾಯ್ಟಿ ಸುಧಾರಿಸಿತು. ಸೊಸಾಯ್ಟಿ ಸುಧಾರಿಸುವುದು ಎಂದರೆ ಮನುಷ್ಯರು ಹಾಗೇ ಇದ್ದು ಗೇಟು ಬದಲಾಗುವುದು. ಮನೆಮನೆಯ ಇಂಟರ್‌ಕಾಮ್ ಕಿತ್ತುಹಾಕಿ, ಗೇಟಿನ ಕಾವಲುಗಾರನ ಕೈಗೊಂದು ಟ್ಯಾಬ್ಲೆಟ್, ನಮ್ಮ ಫೋನುಗಳಿಗೊಂದು ಆ್ಯಪ್ ಕೊಟ್ಟರು. ಬರುವವರು ಇಂಥ ದಿನ, ಇಷ್ಟು ಹೊತ್ತಿಗೆ ಬರುತ್ತಾರೆಂದು ನಾವು ಮೊದಲೇ ತುಂಬಿದ್ದರೆ ಅವರು ಎಕ್ಸ್‌ಪೆಕ್ಟೆಡ್, ಹಸಿರು. ಇಲ್ಲದಿದ್ದರೆ ಅನ್‌ಎಕ್ಸ್‌ಪೆಕ್ಟೆಡ್, ಕೆಂಪು. ಕೆಂಪಾದವರನ್ನು ಒಳಗೆ ಬಿಡಲೇ ಎಂದು ನಮ್ಮ ಫೋನು ಹೊಡೆದುಕೊಳ್ಳುತ್ತದೆ. ನಾವು ಹೂಂ ಎನ್ನದಿದ್ದರೆ ಅವರು ಬಂದ ದಾರಿ ಹಿಡಿಯಬೇಕು. ಮೀಟಿಂಗಿನಲ್ಲಿ ನಾನು ಎದ್ದು ನಿಂತು ನಮ್ಮ ಮಂದಿ ಹೇಳದೆ ಬರುತ್ತಾರೆ, ಅವರ ಗತಿ ಏನು ಎಂದು ಕೇಳಿದೆ. ಸೆಕ್ರೆಟರಿ ಚಷ್ಮಾ ಕೆಳಗಿಳಿಸಿ, “ಅಹೋ ದೇಸಾಯಿ, ಪಾಹುಣೆ ಸಾಂಗೂನ್ ಯೇತಾತ. ನ ಸಾಂಗತಾ ಯೇತೋ ತೋ ಚೋರ್” ಎಂದರು. ನೆಂಟರು ಹೇಳಿ ಬರುತ್ತಾರೆ, ಹೇಳದೆ ಬರುವವನು ಕಳ್ಳ. ಎಲ್ಲರೂ ತಲೆಯಾಡಿಸಿ ಬಿಸ್ಕೀಟು ತಿಂದರು. ನಾನೂ ಎರಡು ತಿಂದೆ.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಗೋದಕ್ಕ ಬಂದಳು. ಬೆಳಗಿನ ಜಾವ ಬರಬೇಕಾದ ಗಾಡಿ, ಅದಕ್ಕೂ ಒಂದು ಎಕ್ಸ್‌ಪೆಕ್ಟೆಡ್ ಟೈಮ್ ಇರುತ್ತದಲ್ಲ, ಊಟದ ಹೊತ್ತು ಮೀರಿಸಿ ಬಂದಿತ್ತು. ಪುಣೆಯಲ್ಲಿ ಅದು ನಿದ್ದೆಯ ಹೊತ್ತು. ಅಂಗಡಿಯವನು ಅರ್ಧ ಶಟರು ಎಳೆದು ಮಲಗುತ್ತಾನೆ. ಇಷ್ಟು ವರ್ಷ ಈ ಊರಿನ ಉಪ್ಪು ತಿಂದ ನಾವೂ ಮಲಗಿದ್ದೆವು, ಫೋನು ದನಿ ಕಳೆದುಕೊಂಡು ಹಾಲ್‌ನಲ್ಲಿ ಚಾರ್ಜ್ ಆಗುತ್ತಿತ್ತು. ಎದ್ದು ನೋಡಿದರೆ ಆ್ಯಪಿನಿಂದ ಸಂದೇಶ: ನಿಮ್ಮ ಪಾರ್ಸಲ್ಲನ್ನು ಗೇಟಿನಲ್ಲಿ ಸ್ವೀಕರಿಸಲಾಗಿದೆ. ಏನಪ್ಪ ತರಿಸಿದ್ದೆ ಎಂದುಕೊಳ್ಳುತ್ತ ಕೆಳಗಿಳಿದೆ. ಕಾವಲುಗಾರ ಸಿದ್ರಾಮ ಖುರ್ಚಿಯ ಕೆಳಗಿನಿಂದ ಬಟ್ಟೆಯ ಪಿಶವಿಯೊಂದನ್ನು ಎತ್ತಿಕೊಟ್ಟ. ಅವ್ವನ ಹಳೆಯ ಇಳಕಲ್ ಸೀರೆಯ ಅಂಚಿನಿಂದ ಹೊಲಿದ ಪಿಶವಿ. ಒಳಗೆ ಶೇಂಗಾ ಹೋಳಿಗೆ, ಕೆಂಪು ಚಟ್ನಿ.

ಸಿದ್ರಾಮ ಅಕ್ಕಲಕೋಟ ಕಡೆಯವನು, ಕನ್ನಡ ಬರುತ್ತದೆ. ಅದೇ ನನ್ನನ್ನು ಹೆಚ್ಚು ಚುಚ್ಚಿದ್ದು. ಗೇಟಿನ ಹೊರಗೆ ಒಬ್ಬಳು ಕನ್ನಡದವಳು, ಗೇಟಿನಲ್ಲಿ ಒಬ್ಬ ಕನ್ನಡದವನು, ಒಳಗೆ ಗೊರಕೆ ಹೊಡೆಯುವ ಇನ್ನೊಬ್ಬ ಕನ್ನಡದವನು. ಮೂವರ ನಡುವೆ ಇದ್ದದ್ದು ಒಂದು ಇಂಗ್ಲಿಷ್ ಶಬ್ದ.

“ನಾ ಕೇಳಿದ್ನಿರೀ ಕಾಕಾ,” ಎಂದ ಸಿದ್ರಾಮ. “ನೀವು ಬರ್ತೀರಂತ ಅವರಿಗೆ ಗೊತ್ತದ ಏನ್ರಿ ಆಯೀ ಅಂತ. ಇಲ್ಲ, ನಾ ಎಂದೂ ಹೇಳಿ ಬಂದಾಕಿ ಅಲ್ಲ ಅಂದ್ರು. ಕೆಂಪು ಒತ್ತಿದ್ನಿ. ನಿಮ್ಮ ಫೋನ್ ಯಾರೂ ಎತ್ತಲಿಲ್ಲ. ಮ್ಯಾಲೆ ಹೋಗಿ ಬಾಗಲಾ ಬಡೀಬೇಕಂದ್ರ ಗೇಟ್ ಬಿಡಂಗಿಲ್ಲ. ಕೆಂಪು ಇದ್ದವರನ್ನ ಒಳಗ ಬಿಟ್ರ ನನ್ನ ನೌಕರಿ ಹೋಗ್ತದ್ರಿ. ಖುರ್ಚಿ ಕೊಟ್ಟೆ, ಚಾ ತರ್ಲೇನ್ರಿ ಅಂದೆ.”

“ಮತ್ತ?”

“ಕೂತಿದ್ರು. ಅಷ್ಟೊತ್ತಿಗೆ ಪಿಝ್ಝಾದಾಂವ ಬಂದ, ಹಸರು. ನಾಯಿ ಮೈ ತೊಳೆಯಾಂವ ಬಂದ, ಅವನೂ ಹಸರು. ಆಯಿ ಎದ್ದು ನಿಂತ್ರು. ನಾಯಿ ಮೈ ತೊಳೆಯಾಂವ ಒಳಗ, ತಮ್ಮನ ಮನಿಗೆ ಬಂದಾಕಿ ಹೊರಗ, ಛಲೋ ಆತು ಅಂದ್ರು. ಪಿಶವಿ ಇಟ್ಟು ರಿಕ್ಷಾ ಹತ್ತಿದ್ರು. ಪಿಶವಿ ಯಾವುದರಾಗ ಹಾಕಬೇಕೋ ಗೊತ್ತಾಗಲಿಲ್ಲ, ಪಾರ್ಸಲ್‌ನಾಗ ಹಾಕಿದ್ನಿ.”

ನೋಡಿ ಈ ವ್ಯವಸ್ಥೆಯ ಜಾಣತನ. ಹೋಳಿಗೆಗೆ ಪ್ರವೇಶ ಇದೆ, ಹೋಳಿಗೆ ತಟ್ಟಿದವಳಿಗಿಲ್ಲ. ನಾನು ರಿಕ್ಷಾ ಹಿಡಿದು ಪುಣೆ ಸ್ಟೇಶನ್ನಿಗೆ ಓಡಿದೆ. ಎಲ್ಲ ಪ್ಲಾಟ್‌ಫಾರ್ಮುಗಳಲ್ಲೂ ಹುಡುಕಿದೆ. ಅವಳು ಬಸ್ಸು ಹಿಡಿದು ಹೋಗಿದ್ದಳೆಂದು ಆಮೇಲೆ ತಿಳಿಯಿತು. ಮನೆಗೆ ಬಂದರೆ ವೀಣಾ ಹೋಳಿಗೆಯ ಡಬ್ಬಿ ಎದುರಿಗಿಟ್ಟುಕೊಂಡು ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. ಅದನ್ನು ಆ ದಿನ ಇಬ್ಬರಿಗೂ ಮುಟ್ಟಲಾಗಲಿಲ್ಲ.

ಮರುದಿನ ಹುಬ್ಬಳ್ಳಿಗೆ ಫೋನು ಮಾಡಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಬದುಕುತ್ತಿದ್ದೆ. ಅವಳು ಭಾಳ ಸೌಮ್ಯವಾಗಿ, “ಸಿಟ್ಟಿಲ್ಲಪಾ ರಾಘವೇಂದ್ರ. ಆ ಊರಿನ ರೀತಿ ಹೆಂಗ ಅದ ಹಂಗ ಇರಬೇಕು. ಇನ್ನ ಮ್ಯಾಲೆ ಹೇಳೇ ಬರ್ತೀನಿ” ಎಂದಳು. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ರಾಘ್ಯಾ ಆಗಿದ್ದವನು ಒಂದೇ ದಿನದಲ್ಲಿ ರಾಘವೇಂದ್ರ ಆಗಿದ್ದೆ. ಅವಳು ಬರುವುದಿಲ್ಲ ಎಂಬ ಭಯ ನನಗಿರಲಿಲ್ಲ. ಹೇಳಿ ಬಂದುಬಿಟ್ಟರೆ ಏನು ಗತಿ ಎಂಬುದೇ ಭಯ. ಹೇಳಿ ಬರುವವಳು ನೆಂಟಳು. ಅವಳಿಗೆ ಇನ್ನು ಹೇಳದೆ ಹೋಗುವ ಮನೆ ಈ ಭೂಮಿಯ ಮೇಲೆ ಒಂದೂ ಉಳಿಯಲಿಲ್ಲ ಎಂದ ಹಾಗಾಯಿತು, ನನಗೂ ಹೇಳದೆ ಬರುವವರು ಯಾರೂ ಉಳಿಯಲಿಲ್ಲ.

ಸೆಕ್ರೆಟರಿಯ ಜತೆ ಜಗಳ ತೆಗೆದೆ. ಅವರು ಶಾಂತವಾಗಿ ಆ್ಯಪಿನಲ್ಲಿ ಹೆಸರು ತುಂಬಿ, ಅದಕ್ಕೇ ಇರುವುದಲ್ಲವೆ ಎಂದರು. ನಿಖಿತಾಳ ಹತ್ತಿರ ಹೋದೆ. ಅವಳಿಗೆ ಆಗ ಹೊಟ್ಟೆ ಕಾಣುವಷ್ಟಾಗಿತ್ತು. ನನ್ನ ಫೋನು ತಗೊಂಡು ತಿಕ್ಕಿ ತೀಡಿ ನೋಡಿ, “ಡೇಟು ಟೈಮು ಹಾಕ್ದೆ ಇದು ತಗೊಳೋದೇ ಇಲ್ಲ ಅಂಕಲ್” ಎಂದಳು.

“ಯಾವಾಗ ಬರ್ತಾಳೋ ನನಗೇನ ಗೊತ್ತವ್ವಾ?”

“ಡೇಟ್ ಬೇಡ ಅಂದ್ರೆ ಒಂದೇ ಆಪ್ಷನ್ ಇರೋದು. ಡೈಲಿ ಹೆಲ್ಪ್. ಕೆಲಸದವ್ರು, ಹಾಲಿನವ್ರು, ಡ್ರೈವರ್. ನಿಮ್ಮ ಅಕ್ಕನ್ನ ಅಡುಗೆಯವ್ರು ಅಂತ ಹಾಕ್ಬಿಡ್ಲಾ? ಯಾವಾಗ ಬಂದ್ರೂ ಬಿಡ್ತಾರೆ.”

ಅವಳು ಸಹಾಯ ಮಾಡಲೆಂದೇ ಹೇಳಿದ್ದು. ಆದರೂ ಗೋದಕ್ಕ ಕೊರಳಿಗೆ ಅಡುಗೆಯವಳೆಂಬ ಕಾರ್ಡು ಹಾಕಿಕೊಂಡು ತವರುಮನೆಗೆ ಬರುವುದು ಕಣ್ಣ ಮುಂದೆ ಬಂತು. ಬೇಡವ್ವಾ ಎಂದು ಫೋನು ಇಸಿದುಕೊಂಡೆ. ಈ ಯಂತ್ರ ಬರೆದ ಪುಣ್ಯಾತ್ಮರು ಜಗತ್ತಿನ ಜನರನ್ನೆಲ್ಲ ಕೂತು ವಿಂಗಡಿಸಿದ್ದಾರೆ. ಹೇಳಿ ಬರುವವರು, ಕೆಲಸಕ್ಕೆ ಬರುವವರು, ಪಾರ್ಸಲ್ಲು. ನಿನ್ನ ನೆನಪಾಯಿತು, ಬಂದೆ ಎನ್ನುವವರಿಗೆ ಅವರ ಬಳಿ ಖಾನೆಯೇ ಇಲ್ಲ. ಪಾಪ, ಅಂಥವರನ್ನು ಅವರು ಕಂಡಿರಲಿಕ್ಕಿಲ್ಲ.

ಅಂದಿನಿಂದ ನಾನು ಮಧ್ಯಾಹ್ನದ ನಿದ್ದೆ ಬಿಟ್ಟೆ. ಊಟ ಮಾಡಿ ಕೆಳಗಿಳಿದು ಗೇಟಿನ ಬಳಿ ಅದೇ ಪ್ಲಾಸ್ಟಿಕ್ ಖುರ್ಚಿಯಲ್ಲಿ ಕೂರುತ್ತಿದ್ದೆ. ಸಿದ್ರಾಮ ತನ್ನೂರಿನ ಕಥೆ ಹೇಳುತ್ತಿದ್ದ, ನಾನು ರಸ್ತೆ ನೋಡುತ್ತಿದ್ದೆ. ಸೆಕ್ರೆಟರಿ ಬಂದವರು, ಏನು ದೇಸಾಯಿ, ಸೆಕ್ಯೂರಿಟಿಗೆ ಸೇರಿದಿರಾ ಎಂದು ನಕ್ಕು ಹೋಗುತ್ತಿದ್ದರು. ವೀಣಾ ಸುಮ್ಮನೆ ಬಿಡುವವಳಲ್ಲ. “ಹೇಳೇ ಬರ್ತೀನಿ ಅಂದಾರಲ್ರೀ, ಫೋನ್ ಬರೂತನಕ ಮ್ಯಾಲೆ ಮಲಕೋಬಾರದ?” ಎನ್ನುತ್ತಿದ್ದಳು. ಆದರೆ ಅವಳೂ ಚಪಾತಿ ಬಾಯಿಗೆ ಹೇಳುವ ಅಂಕಿಯನ್ನು ಸದ್ದಿಲ್ಲದೆ ಏರಿಸಿದ್ದಳು. ದಿನಾ ಬೆಳಿಗ್ಗೆ ತಂಗಳ ಚಪಾತಿ ಒಗ್ಗರಣೆ ಹಾಕಿ ಇಬ್ಬರೂ ತಿನ್ನುತ್ತಿದ್ದೆವು, ಅದು ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ.

ಶ್ರಾವಣ ಬಂತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ನಿಮಗೆ ಗೊತ್ತೇ ಇದೆ. ಹಬ್ಬದ ವಾರ ಗೋದಕ್ಕನ ಫೋನು ಬಂತು. “ರಾಘವೇಂದ್ರ, ಐತ್ವಾರ ಮಧ್ಯಾಹ್ನದ ಗಾಡಿಗೆ ಬರ್ತೀನಿ. ಬರದುಕೊಂಡು ಗೇಟಿನ ಹುಡುಗಗ ಹೇಳಿ ಇಡಪಾ” ಎಂದಳು. ವೀಣಾ ಖುಷಿಯಾಗಿ ರವೆ, ಎಳ್ಳು, ಕೊಬ್ಬರಿ ತರಿಸಲು ಹೊರಟಳು. ನಾನು ಸೋತವನ ಹಾಗೆ ಫೋನು ತೆಗೆದು, ಹೆಸರು ಗೋದಾವರಿ, ದಿನ ರವಿವಾರ, ಹೊತ್ತು ಮಧ್ಯಾಹ್ನ ಎಂದು ತುಂಬಿದೆ. ಹಸಿರು ಬಣ್ಣ ಬಂತು. ನಿಮ್ಮ ಅತಿಥಿ ಎಕ್ಸ್‌ಪೆಕ್ಟೆಡ್, ಅಭಿನಂದನೆ ಎಂದು ಅದು ಹೂವು ಉದುರಿಸಿತು. ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಐತ್ವಾರ ಎಂದು ಹೇಳಿದ ಮೇಲೆ ಶುಕ್ರವಾರ ನಾನು ಗೇಟಿನಲ್ಲಿ ಕೂರಲು ಕಾರಣವಿರಲಿಲ್ಲ. ಆದರೂ ಊಟವಾದ ಮೇಲೆ ಕಾಲುಗಳು ತಾವಾಗಿ ನನ್ನನ್ನು ಕೆಳಗೆ ಒಯ್ದವು. ಸಣ್ಣಗೆ ಮಳೆ ಜಿನುಗುತ್ತಿತ್ತು. ಸಿದ್ರಾಮ ಚಾ ತಂದಿದ್ದ. ರಿಕ್ಷಾ ಒಂದು ಬಂದು ಗೇಟಿನೆದುರು ನಿಂತಿತು. ಅದರಿಂದ ಮೊದಲು ಪಿಶವಿ ಇಳಿಯಿತು, ಆಮೇಲೆ ಗೋದಕ್ಕ.

ನಾನು ಎದ್ದು ನಿಂತೆ. ಚಾ ಅಂಗಿಯ ಮೇಲೆ ಚೆಲ್ಲಿತು. “ಅಕ್ಕಾ, ಐತ್ವಾರ ಅಂದಿದ್ದಿ.”

“ಅಂದಿದ್ದೆ,” ಎಂದಳು. ಸೆರಗಿನಿಂದ ಮುಖದ ಮೇಲಿನ ಹನಿ ಒರೆಸಿಕೊಂಡಳು. “ಹೇಳಿದ ದಿನಾನ ಬರ್ಲಿಕ್ಕೆ ನಾ ಏನು ಬೀಗರೇನು?”

ಸಿದ್ರಾಮ ಟ್ಯಾಬ್ಲೆಟ್ ಎತ್ತಿಕೊಂಡ. ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದ. “ಕಾಕಾ, ಐತ್ವಾರಕ್ಕ ಹಸರು ಅದ್ರಿ. ಇವತ್ತ ಕೆಂಪು ತೋರಸ್ತದ. ಅನ್‌ಎಕ್ಸ್‌ಪೆಕ್ಟೆಡ್ ಅಂತ ಒತ್ತಲ್ಯಾ?”

“ಒತ್ತು” ಎಂದೆ. ಅವನು ಒತ್ತಿದ. ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಎಕ್ಸ್‌ಪೆಕ್ಟ್ ಮಾಡಿರದ ಅತಿಥಿ, ಒಳಗೆ ಬಿಡಲೇ? ಅಕ್ಕ ನನ್ನ ಪಕ್ಕದಲ್ಲೇ ನಿಂತು, ನನ್ನ ಒದ್ದೆ ಅಂಗಿಯನ್ನು ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. ಚಷ್ಮಾ ಮೇಲೆ ಬಿಟ್ಟು ಬಂದಿದ್ದೆ, ಕಣ್ಣೂ ಸ್ವಲ್ಪ ಮಂಜಾಗಿತ್ತು. ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ತಡಕಾಡಿದೆ. “ಎಷ್ಟೊತ್ತು ನಿಂದ್ರಸ್ತೀಯೋ ರಾಘ್ಯಾ, ಮೊದಲ ಅಂಗಿ ತಗದ ಒಗೀಲಿಕ್ಕೆ ಹಾಕು ನಡೀ” ಎಂದು ಅವಳು ನಡೆದೇಬಿಟ್ಟಳು. ಸಿದ್ರಾಮ ಗೇಟು ಪೂರ್ತಿ ತೆರೆದ, ಮೋಟಾರು ಒಳಬಿಡುವಾಗ ತೆರೆಯುತ್ತಾನಲ್ಲ ಅಷ್ಟು.

ಮೇಲೆ ಬಂದವಳು ಚಪ್ಪಲಿ ಬಿಟ್ಟು ನೆಟ್ಟಗೆ ಅಡುಗೆಮನೆಗೆ ಹೋಗಿ ಚಪಾತಿಯ ಡಬ್ಬಿ ತೆಗೆದಳು. ಒಳಗೆ ಎರಡಿದ್ದವು. ವೀಣಾಳ ಕಡೆ ತಿರುಗಿ ನೋಡಿದಳು, ಅಲ್ಲೇ ನೆಲದ ಮೇಲೆ ಕೂತು ಉಂಡಳು. ಎರಡು ದಿನ ಮನೆಯಲ್ಲಿ ನನ್ನ ಅಧಿಕಾರ ಏನೂ ನಡೆಯಲಿಲ್ಲ. ಕಪಾಟಿನ ಡಬ್ಬಿಗಳೆಲ್ಲ ಜಾಗ ಬದಲಾಯಿಸಿದವು. ಕೆಳಗಿನ ನಿಖಿತಾಳನ್ನು ಕರೆದು ಕೂಡಿಸಿಕೊಂಡು, ಡಾಕ್ಟರರು ಕೊಟ್ಟ ತಾರೀಖು ಕೇಳಿ, “ತಾರೀಖು ನೋಡಿ ಬರ್ತಾವೇನವ್ವಾ ಕೂಸು? ಅದಕ್ಕ ಬೇಕಾದಾಗ ಬರ್ತದ, ನೀ ಉಂಡಿ ತಿನ್ನು” ಎಂದಳು. ಆ ಹುಡುಗಿ ಮೂರು ತಿಂದಳು.

ರವಿವಾರ ಸಂಜೆ ಮೂವರೂ ಕೂತು ಚಾ ಕುಡಿಯುತ್ತಿದ್ದೆವು. ಫೋನು ಟಿಂಗ್ ಎಂದಿತು. ನಿಮ್ಮ ಎಕ್ಸ್‌ಪೆಕ್ಟೆಡ್ ಅತಿಥಿ ಗೋದಾವರಿ ಅವರು ಬಂದಿಲ್ಲ, ಅವರ ಪ್ರವೇಶ ರದ್ದಾಗಿದೆ ಎಂದು ಬಂದಿತ್ತು.

“ಏನಂತ ಅದು?” ಎಂದಳು ಗೋದಕ್ಕ, ಬಸಿಯಲ್ಲಿ ಚಾ ಆರಿಸಿಕೊಳ್ಳುತ್ತ.

“ನೀ ಬಂದಿಲ್ಲಂತ, ಅಕ್ಕಾ.”

ಅವಳು ಬಸಿ ತುಟಿಗೆ ಹಚ್ಚಿ ಸುರ್ರೆಂದು ಒಂದು ಗುಟುಕು ಕುಡಿದು ಕೆಳಗಿಟ್ಟಳು.

“ಬಂದಿಲ್ಲೇನು? ಹಂಗಾರ ಹಾದಿ ನೋಡ್ಕೋತ ಕೂಡು.”